ಮೆದುಳಿಗೆ ಗಾಯವಾದ ಮಗು ಶಾಲೆಗೆ ಮರಳಿದಾಗ: ಮುಖ್ಯೋಪಾಧ್ಯಾಯರಿಗೆ, ಶಿಕ್ಷಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಮುಖ್ಯೋಪಾಧ್ಯಾಯರೇ, ಶಿಕ್ಷಕ ಮಿತ್ರರೇ,

ಕೆಲವು ವಾರ, ಕೆಲವೊಮ್ಮೆ ಹಲವು ತಿಂಗಳು ಖಾಲಿ ಬಿದ್ದಿದ್ದ ಜಾಗಕ್ಕೆ ಮಗು ಮರಳಿ ಬರುತ್ತದೆ. ತಲೆಗೆ ಬ್ಯಾಂಡೇಜ್ ಇಲ್ಲ, ಹೊಲಿಗೆಯ ಗುರುತನ್ನು ಕೂದಲು ಮುಚ್ಚಿದೆ. ನಡೆಯುತ್ತದೆ, ನಗುತ್ತದೆ, ಹಾಜರಿ ಕರೆದರೆ ಓಗೊಡುತ್ತದೆ. ‘ಅಂತೂ ಗುಣವಾಗಿ ಬಂದೆಯಲ್ಲ’ ಎಂದು ನೀವು ಬೆನ್ನು ತಟ್ಟುತ್ತೀರಿ. ಆ ಮಾತಿನ ಹಿಂದಿರುವ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಮಗು ಪೂರ್ತಿ ಗುಣವಾಗಿದೆ ಎಂಬ ಆ ನಂಬಿಕೆಯೇ ಮುಂದಿನ ದಿನಗಳಲ್ಲಿ ಅದಕ್ಕೆ ಬಹಳ ಭಾರವಾಗುತ್ತದೆ. ಅದನ್ನು ಹೇಳಲೆಂದೇ ಈ ಪತ್ರ ಬರೆಯುತ್ತಿದ್ದೇನೆ.

ನಾನು ಆಸ್ಪತ್ರೆಯ ಪುನಶ್ಚೇತನ ವಿಭಾಗದಲ್ಲಿ ಇಂಥ ಮಕ್ಕಳಿಗೆ ಪಾಠ ಹೇಳುವ ಶಿಕ್ಷಕಿ. ಮಂಚದ ಮೇಲೆ ಕುಳಿತು ಮತ್ತೆ ಮೊದಲ ಬಾರಿ ಪೆನ್ಸಿಲ್ ಹಿಡಿಯುವ ದಿನದಿಂದ, ಶಾಲೆಯ ಬ್ಯಾಗ್ ಹೆಗಲಿಗೇರುವ ದಿನದವರೆಗೆ ಅವರ ಜೊತೆಗಿರುತ್ತೇನೆ. ಅಲ್ಲಿಂದಾಚೆ ಅವರು ನಿಮ್ಮ ಮಕ್ಕಳು. ಆಸ್ಪತ್ರೆಯ ಬಿಡುಗಡೆ ಪತ್ರದಲ್ಲಿ ಮಾತ್ರೆಗಳ ಹೆಸರು, ಮುಂದಿನ ತಪಾಸಣೆಯ ತಾರೀಖು ಇರುತ್ತವೆ. ಎರಡನೆಯ ಅವಧಿಯ ಗಣಿತದ ಪಾಠದಲ್ಲಿ ಈ ಮಗುವಿಗೆ ಏನಾಗುತ್ತದೆ ಎಂಬ ಮಾಹಿತಿ ಅದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಮೆದುಳಿನ ಗಾಯ ಎಂದ ಕೂಡಲೇ ರಸ್ತೆ ಅಪಘಾತ, ಎತ್ತರದಿಂದ ಬಿದ್ದದ್ದು, ಮೈದಾನದಲ್ಲಿ ತಲೆಗೆ ತಗುಲಿದ ಪೆಟ್ಟು ನೆನಪಿಗೆ ಬರುತ್ತವೆ. ಮೆದುಳು ಜ್ವರ, ಮೆನಿಂಜೈಟಿಸ್ (ಮೆದುಳಿನ ಪೊರೆಯ ಉರಿಯೂತ), ಮಕ್ಕಳನ್ನೂ ಬಿಡದ ಪಾರ್ಶ್ವವಾಯು, ನೀರಿನಲ್ಲಿ ಮುಳುಗಿ ಆಮ್ಲಜನಕ ಸಿಗದೆ ಹೋದದ್ದು, ಗಡ್ಡೆಗೆ ಮಾಡಿದ ಶಸ್ತ್ರಚಿಕಿತ್ಸೆ ಮತ್ತು ವಿಕಿರಣ ಚಿಕಿತ್ಸೆ, ಇವೂ ಮೆದುಳನ್ನು ಗಾಯಗೊಳಿಸುತ್ತವೆ. ಕಾರಣ ಯಾವುದೇ ಇರಲಿ, ತರಗತಿಯಲ್ಲಿ ಎದುರಾಗುವ ತೊಡಕುಗಳಲ್ಲಿ ಬಹಳ ಹೋಲಿಕೆ ಇದೆ.

ಗಾಯದ ತೀವ್ರತೆಯ ಬಗ್ಗೆ ಒಂದು ಮಾತು ಹೇಳಲೇಬೇಕು. 1974ರಲ್ಲಿ ಗ್ಲಾಸ್ಗೋ ನಗರದ ಇಬ್ಬರು ನರಶಸ್ತ್ರಚಿಕಿತ್ಸಕರು, ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯಾನ್ ಜೆನೆಟ್, ಪ್ರಜ್ಞೆಯ ಮಟ್ಟವನ್ನು ಅಳೆಯುವ ಕ್ರಮವೊಂದನ್ನು ಪ್ರಕಟಿಸಿದರು. ಗ್ಲಾಸ್ಗೋ ಕೋಮಾ ಸ್ಕೇಲ್ ಎಂದೇ ಅದು ಇಂದಿಗೂ ಬಳಕೆಯಲ್ಲಿದೆ. ಕಣ್ಣು ತೆರೆಯುವುದು, ಮಾತು, ಕೈಕಾಲಿನ ಚಲನೆ, ಈ ಮೂರನ್ನು ನೋಡಿ 3ರಿಂದ 15ರವರೆಗೆ ಅಂಕ ಕೊಡುತ್ತಾರೆ. 13ರಿಂದ 15 ಬಂದರೆ ಸೌಮ್ಯ, 9ರಿಂದ 12 ಮಧ್ಯಮ, 8 ಅಥವಾ ಅದಕ್ಕಿಂತ ಕಡಿಮೆ ಬಂದರೆ ತೀವ್ರ. ಜೀವ ಉಳಿಸುವ ಹೊತ್ತಿನಲ್ಲಿ ಇದು ಅಮೂಲ್ಯ ಅಳತೆ. ಆದರೆ ಅದು ಹೇಳುವುದು ಮಗು ಎಷ್ಟು ಎಚ್ಚರವಾಗಿತ್ತು ಎಂಬುದನ್ನು ಮಾತ್ರ. ವರದಿಯಲ್ಲಿ ‘ಸೌಮ್ಯ’ ಎಂಬ ಪದ ಕಂಡೊಡನೆ ಕಡತವನ್ನು ಕಪಾಟಿಗೆ ಸೇರಿಸುವ ಶಾಲೆಗಳನ್ನು ನೋಡಿದ್ದೇನೆ. ಸ್ಕ್ಯಾನಿನ ವಿಷಯವೂ ಹೀಗೆಯೇ. ಸಿ.ಟಿ. ಸ್ಕ್ಯಾನ್ ರಕ್ತಸ್ರಾವವನ್ನೂ ಮೂಳೆ ಮುರಿತವನ್ನೂ ತೋರಿಸುತ್ತದೆ. ಕನ್‌ಕಷನ್ (ಪೆಟ್ಟಿನಿಂದ ಮೆದುಳು ಅಲುಗಿ ಆಗುವ ಗಾಯ) ಆದ ಮಗುವಿನ ಸ್ಕ್ಯಾನ್ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ, ಏಕೆಂದರೆ ಅಲ್ಲಿ ಕೆಟ್ಟಿರುವುದು ನರಕೋಶಗಳ ಕೆಲಸ ಮತ್ತು ಅವುಗಳ ಶಕ್ತಿಯ ಪೂರೈಕೆ. ಅದು ಆ ಚಿತ್ರದಲ್ಲಿ ಮೂಡುವುದಿಲ್ಲ. ‘ಸ್ಕ್ಯಾನಿನಲ್ಲಿ ಏನೂ ಇಲ್ಲವಲ್ಲ, ಮತ್ತೇಕೆ ತಲೆನೋವು?’ ಎಂದು ಮಗುವನ್ನು ದಯವಿಟ್ಟು ಪ್ರಶ್ನಿಸಬೇಡಿ.

ಈಗ ಒಂದು ನೋಟ್‌ಪುಸ್ತಕದ ಪುಟವನ್ನು ನಿಮಗೆ ತೋರಿಸಬೇಕು. ಶಾಲೆಗೆ ಮರಳಿದ ಹುಡುಗನೊಬ್ಬನ ಗಣಿತದ ಪುಟ ಅದು. ಮೊದಲ ಮೂರು ಲೆಕ್ಕಗಳು ಅಚ್ಚುಕಟ್ಟಾಗಿವೆ, ಉತ್ತರವೂ ಸರಿ. ನಾಲ್ಕನೆಯದರಲ್ಲಿ ಅಂಕಿಗಳು ಗೆರೆ ಬಿಟ್ಟು ಕೆಳಗಿಳಿದಿವೆ. ಐದನೆಯದರಲ್ಲಿ ದಶಕವನ್ನು ಕೂಡಿಸಲು ಮರೆತಿದ್ದಾನೆ. ಆರನೆಯದನ್ನು ನಕಲು ಮಾಡಿಕೊಂಡಿದ್ದಾನೆ, ಬಿಡಿಸಿಲ್ಲ. ಅದರ ಕೆಳಗೆ ಖಾಲಿ. ಪುಟದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ಗಮನವಿಲ್ಲ, ಉಡಾಫೆ’ ಎಂದು ಷರಾ ಬರೆಯಲಾಗಿದೆ. ಆ ಪುಟವನ್ನು ಇನ್ನೊಮ್ಮೆ ನೋಡಿ. ಲೆಕ್ಕ ಬಾರದ ಹುಡುಗ ಮೊದಲ ಮೂರನ್ನು ಸರಿಯಾಗಿ ಮಾಡುತ್ತಿರಲಿಲ್ಲ. ಅವನಿಗೆ ಲೆಕ್ಕ ಬರುತ್ತದೆ. ಸುಮಾರು ಹದಿನೈದು ನಿಮಿಷ ಬರುತ್ತದೆ. ಗಾಯಗೊಂಡ ಮೆದುಳು ಹಿಂದೆ ಸಲೀಸಾಗಿ ಮಾಡುತ್ತಿದ್ದ ಕೆಲಸಕ್ಕೆ ಈಗ ದುಪ್ಪಟ್ಟು ಶ್ರಮ ಹಾಕುತ್ತದೆ, ಬೇಗ ಸೋಲುತ್ತದೆ. ಇದು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದರೆ ಹೋಗುವ ಸುಸ್ತಲ್ಲ. ಅವನ ಪುಟದಲ್ಲಿ ಮೂರು ಲೆಕ್ಕಗಳಿಗೆ ಗೆರೆ ಎಳೆದು, ಹತ್ತು ನಿಮಿಷ ಸುಮ್ಮನೆ ಕೂರಿಸಿ, ಮತ್ತೆ ಎರಡು ಕೊಟ್ಟಿದ್ದರೆ ಐದೂ ಸರಿಯಾಗುವ ಸಂಭವ ಹೆಚ್ಚಿತ್ತು.

ಶಿಕ್ಷಕರನ್ನು ಇದಕ್ಕಿಂತಲೂ ಹೆಚ್ಚು ದಾರಿ ತಪ್ಪಿಸುವ ಸಂಗತಿ ಒಂದಿದೆ. ಗಾಯಕ್ಕೆ ಮುಂಚೆ ಕಲಿತದ್ದು ಬಹುಪಾಲು ಉಳಿದುಕೊಂಡಿರುತ್ತದೆ. ಮಗು ಪಾಠವನ್ನು ನಿರರ್ಗಳವಾಗಿ ಓದುತ್ತದೆ, ಮಗ್ಗಿ ಒಪ್ಪಿಸುತ್ತದೆ, ಹಿಂದಿನ ತರಗತಿಯ ಪದ್ಯ ಹೇಳುತ್ತದೆ. ಆದರೆ ಇಂದು ಬೆಳಿಗ್ಗೆ ಹೇಳಿಕೊಟ್ಟದ್ದು ಮಧ್ಯಾಹ್ನಕ್ಕೆ ಇರುವುದಿಲ್ಲ. ಹೊಸದನ್ನು ಹಿಡಿದಿಟ್ಟುಕೊಳ್ಳುವುದು, ಮನಸ್ಸಿನಲ್ಲಿ ಎರಡು ಮೂರು ವಿಷಯಗಳನ್ನು ಒಟ್ಟಿಗೆ ಇಟ್ಟುಕೊಂಡು ಕೆಲಸ ಮಾಡುವುದು, ಈ ಸಾಮರ್ಥ್ಯಗಳಿಗೇ ಪೆಟ್ಟು ಬಿದ್ದಿರುತ್ತದೆ. ಹಾಗಾಗಿ ಮರಳಿದ ಮೊದಲ ವಾರದಲ್ಲಿ ಓದಿಸಿ ನೋಡಿ ‘ಏನೂ ತೊಂದರೆ ಇಲ್ಲ’ ಎಂದು ತೀರ್ಮಾನಿಸಿದ ಶಿಕ್ಷಕರೇ ಮೂರು ತಿಂಗಳ ನಂತರ ‘ಮನೆಯಲ್ಲಿ ಓದಿಸುತ್ತಿಲ್ಲವೇ?’ ಎಂದು ತಂದೆತಾಯಿಯನ್ನು ಕೇಳುತ್ತಾರೆ. ಮನೆಯಲ್ಲಿ ಓದಿಸಿರುತ್ತಾರೆ. ಹಟ ಹಿಡಿದು, ಅತ್ತು, ರಾತ್ರಿ ಹತ್ತರವರೆಗೆ ಓದಿಸಿರುತ್ತಾರೆ. ಮರುದಿನ ಅದರ ದಣಿವನ್ನೂ ಹೊತ್ತುಕೊಂಡೇ ಮಗು ನಿಮ್ಮ ಬಳಿ ಬಂದಿರುತ್ತದೆ.

ಸದ್ದಿಲ್ಲದ ಕೋಣೆಯಲ್ಲಿ, ಎದುರಿಗೆ ಒಬ್ಬರೇ ಕುಳಿತು ನಡೆಸುವ ಪರೀಕ್ಷೆಯಲ್ಲಿ ಈ ಮಕ್ಕಳು ಒಳ್ಳೆಯ ಅಂಕ ಪಡೆಯಬಹುದು. ಮನೋವಿಜ್ಞಾನಿಯ ವರದಿ ಬುದ್ಧಿಮತ್ತೆ ಸರಾಸರಿ ಎನ್ನಬಹುದು. ಆ ಕೋಣೆಯಲ್ಲಿ ಬೆಂಚು ಎಳೆಯುವ ಶಬ್ದವಿಲ್ಲ, ಪಕ್ಕದ ತರಗತಿಯ ಗದ್ದಲವಿಲ್ಲ, ಬೋರ್ಡಿನಿಂದ ಬರೆದುಕೊಳ್ಳುತ್ತಲೇ ಕೇಳಿಸಿಕೊಳ್ಳುವ ಅಗತ್ಯವೂ ಇಲ್ಲ. ನಿಮ್ಮ ತರಗತಿಯಲ್ಲಿ ಇವೆಲ್ಲ ಇವೆ. ವರದಿಗೂ ವಾಸ್ತವಕ್ಕೂ ತಾಳೆಯಾಗದಿದ್ದರೆ ಮಗುವನ್ನು ಅನುಮಾನಿಸುವ ಮೊದಲು ಕೋಣೆಯನ್ನು ಒಮ್ಮೆ ನೋಡಿ.

ಇನ್ನೊಂದು ತೊಂದರೆ ಹೊರಗಿನಿಂದ ಶುದ್ಧ ಸೋಮಾರಿತನದಂತೆಯೇ ಕಾಣುತ್ತದೆ. ಮೆದುಳಿನ ಮುಂಭಾಗಕ್ಕೆ ಪೆಟ್ಟಾದಾಗ ಕೆಲಸವನ್ನು ಆರಂಭಿಸುವ ಶಕ್ತಿಯೇ ಕುಂದಬಹುದು. ನನ್ನ ಬಳಿ ಕಲಿತ ಹುಡುಗಿಯೊಬ್ಬಳು ಪುಸ್ತಕ ತೆರೆದು, ಪೆನ್ನಿನ ಮುಚ್ಚಳ ತೆಗೆದು, ಹಾಗೆಯೇ ಕುಳಿತಿರುತ್ತಿದ್ದಳು. ಏನು ಮಾಡಬೇಕೆಂದು ಕೇಳಿದರೆ ತಪ್ಪಿಲ್ಲದೆ ಹೇಳುತ್ತಿದ್ದಳು. ಆದರೂ ಕೈ ಓಡುತ್ತಿರಲಿಲ್ಲ. ‘ಬೇಗ ಬರಿ’ ಎಂದು ಗದರಿದರೆ ಕಣ್ಣಲ್ಲಿ ನೀರು ತುಂಬುತ್ತಿತ್ತು, ಕೈ ಇನ್ನಷ್ಟು ಬಿಗಿಯುತ್ತಿತ್ತು. ಮೊದಲ ಸಾಲಿನ ಮೇಲೆ ನಾನು ಬೆರಳಿಟ್ಟು ಮೊದಲ ಪದವನ್ನು ಮೆಲ್ಲಗೆ ಓದಿದರೆ ಸಾಕು, ಮುಂದಿನ ಅರ್ಧ ಪುಟವನ್ನು ತಾನೇ ಬರೆಯುತ್ತಿದ್ದಳು. ಅವಳಿಗೆ ಬೇಕಾಗಿದ್ದ ‘ವಿಶೇಷ ಸೌಲಭ್ಯ’ ಇಷ್ಟೇ ಆಗಿತ್ತು. ಆದರೆ ಅದು ಪ್ರತಿ ಅವಧಿಯಲ್ಲಿ, ಪ್ರತಿ ದಿನ, ಬೇಸರವಿಲ್ಲದೆ ಸಿಗಬೇಕಿತ್ತು.

ವರ್ತನೆಯ ವಿಷಯಕ್ಕೆ ಬಂದರೆ ಶಾಲೆಗಳ ತಾಳ್ಮೆ ಬೇಗ ಮುಗಿಯುತ್ತದೆ. ಮೊದಲು ಸೌಮ್ಯವಾಗಿದ್ದವನು ಈಗ ಸಣ್ಣದಕ್ಕೆಲ್ಲ ಸಿಡುಕುತ್ತಾನೆ, ಬಾಯಿಗೆ ಬಂದದ್ದನ್ನು ಅಂದುಬಿಡುತ್ತಾನೆ, ಗಂಭೀರ ಹೊತ್ತಿನಲ್ಲಿ ನಗುತ್ತಾನೆ. ಆವೇಗವನ್ನು ತಡೆದು ನಿಲ್ಲಿಸುವ ಕೆಲಸ ಮಾಡುತ್ತಿದ್ದ ಭಾಗಕ್ಕೇ ಗಾಯವಾಗಿದೆ. ತನಗೆ ಏನಾಗಿದೆ ಎಂಬ ಅರಿವೇ ಅವನಿಗೆ ಇಲ್ಲದಿರಬಹುದು. ‘ನನಗೇನೂ ಆಗಿಲ್ಲ’ ಎಂದು ಅವನು ಹೇಳುವುದು ಸುಳ್ಳಲ್ಲ, ಅದೂ ಗಾಯದ್ದೇ ಒಂದು ಲಕ್ಷಣ. ತರಗತಿಯಿಂದ ಹೊರಗೆ ನಿಲ್ಲಿಸಿದರೆ, ನೂರು ಬಾರಿ ಕ್ಷಮೆ ಬರೆಸಿದರೆ ಈ ಭಾಗ ಬೇಗ ಮಾಗುವುದಿಲ್ಲ. ಸಿಡುಕಿಗೆ ಮುಂಚೆ ಏನಿತ್ತು ಎಂದು ಬರೆದಿಡಿ. ಬಹಳ ಸಲ ಗದ್ದಲ, ಆತುರ, ಹಸಿವು, ಇಲ್ಲವೇ ಇದ್ದಕ್ಕಿದ್ದಂತೆ ಬದಲಾದ ವೇಳಾಪಟ್ಟಿ ಇರುತ್ತದೆ. ಆ ಹೊತ್ತಿಗೆ ಮುಂಚೆಯೇ ಮಗು ಯಾರನ್ನೂ ಕೇಳದೆ ಎದ್ದು ಹೋಗಿ ಕೂರಬಹುದಾದ ಒಂದು ಶಾಂತ ಜಾಗವಿರಲಿ. ಗ್ರಂಥಾಲಯದ ಒಂದು ಮೂಲೆಯಾದರೂ ಸಾಕು.

ಮರಳುವಿಕೆ ಮೆಟ್ಟಿಲು ಮೆಟ್ಟಿಲಾಗಿ ಆಗಬೇಕು. ಹಿಂದೆಲ್ಲ ಕನ್‌ಕಷನ್ ಆದ ಮಗುವನ್ನು ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವ ಸಲಹೆ ಇತ್ತು. ಈಗ ತಜ್ಞರು ಹಾಗೆ ಹೇಳುವುದಿಲ್ಲ. ಕ್ರೀಡೆಯಲ್ಲಿ ಆಗುವ ಕನ್‌ಕಷನ್ ಕುರಿತು 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದ ಒಮ್ಮತದ ಹೇಳಿಕೆ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಮೊದಲ 24ರಿಂದ 48 ಗಂಟೆ ತುಸು ವಿಶ್ರಾಂತಿ, ಪರದೆ ನೋಡುವುದು ಕಡಿಮೆ; ಆಮೇಲೆ ದಿನನಿತ್ಯದ ಚಟುವಟಿಕೆಗೆ, ಓದಿಗೆ, ಶಾಲೆಗೆ ಹಂತಹಂತವಾಗಿ ಮರಳುವುದು. ಲಕ್ಷಣಗಳು ಸ್ವಲ್ಪ ಹೊತ್ತು ತುಸು ಏರಿ ಇಳಿದರೆ ಗಾಬರಿ ಬೇಕಿಲ್ಲ. ಹೆಚ್ಚಿನ ಮಕ್ಕಳು ಸುಮಾರು ನಾಲ್ಕು ವಾರಗಳೊಳಗೆ ಚೇತರಿಸಿಕೊಳ್ಳುತ್ತಾರೆ. ಅದಕ್ಕೂ ಮೀರಿ ತಲೆನೋವು, ತಲೆಸುತ್ತು, ನಿದ್ದೆಯ ತೊಂದರೆ ಉಳಿದವರನ್ನು ನೆಪ ಹೇಳುವವರ ಪಟ್ಟಿಗೆ ಸೇರಿಸದೆ ಮತ್ತೆ ತಜ್ಞರ ಬಳಿ ಕಳುಹಿಸಬೇಕು. ಗಾಯ ತೀವ್ರವಾಗಿದ್ದವರ ಲೆಕ್ಕವೇ ಬೇರೆ. ಅವರಿಗೆ ತಿಂಗಳುಗಳು, ವರ್ಷಗಳು ಬೇಕು. ದಿನಕ್ಕೆ ಎರಡು ಅವಧಿಯಿಂದ ಶುರುವಾಗಲಿ. ಕಷ್ಟದ ವಿಷಯಗಳು ಬೆಳಗಿನ ಹೊತ್ತಿಗಿರಲಿ. ಹಾಜರಾತಿಯ ನಿಯಮ ಅಡ್ಡ ಬಂದರೆ, ದಯವಿಟ್ಟು ನಿಯಮವನ್ನು ಸಡಿಲಿಸಲು ಮೇಲಿನವರಿಗೆ ನೀವೇ ಬರೆಯಿರಿ. ತಂದೆತಾಯಿ ಅದಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುವಂತಾಗಬಾರದು.

ಪಾಠ ಹೇಳುವ ರೀತಿಯಲ್ಲೂ ಒಂದು ಬದಲಾವಣೆ ಬೇಕು. ‘ಊಹಿಸಿ ಹೇಳು ನೋಡೋಣ, ತಪ್ಪಾದರೂ ಪರವಾಗಿಲ್ಲ’ ಎಂದು ನಾವು ಮಕ್ಕಳನ್ನು ಹುರಿದುಂಬಿಸುತ್ತೇವೆ. ನೆನಪಿನ ಶಕ್ತಿ ಕುಂದಿದವರಿಗೆ ಇದು ತಿರುಗುಬಾಣ. ನೆನಪು ತೀರಾ ದುರ್ಬಲವಾದ ವಯಸ್ಕರ ಬಗ್ಗೆ ಮನೋವಿಜ್ಞಾನಿಗಳಾದ ಅಲನ್ ಬ್ಯಾಡ್ಲಿ ಮತ್ತು ಬಾರ್ಬರಾ ವಿಲ್ಸನ್ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಊಹೆಗೆ ಬಿಡದೆ ಮೊದಲಿನಿಂದಲೇ ಸರಿಯುತ್ತರವನ್ನೇ ಕೊಟ್ಟು ಕಲಿಸಿದಾಗ ಅವರು ಚೆನ್ನಾಗಿ ಕಲಿತದ್ದು ಕಂಡುಬಂತು. ಒಮ್ಮೆ ಹೇಳಿದ ತಪ್ಪುತ್ತರವೇ ಅವರ ಮನಸ್ಸಿನಲ್ಲಿ ಅಂಟಿಕೊಂಡುಬಿಡುತ್ತದೆ, ಅದು ತಪ್ಪೆಂದು ತಿದ್ದಿದ್ದು ನೆನಪಿರುವುದಿಲ್ಲ. ಆದ್ದರಿಂದ ನೆನಪಿನ ತೊಂದರೆ ಇರುವ ಮಗುವಿಗೆ ಮೊದಲು ಸರಿಯಾದುದನ್ನು ತೋರಿಸಿ, ಜೊತೆಯಲ್ಲೇ ಮಾಡಿಸಿ, ಸುಳುಹುಗಳನ್ನು ಒಂದೊಂದಾಗಿ ತೆಗೆಯಿರಿ. ಐದು ನಿಮಿಷ ಬಿಟ್ಟು ಕೇಳಿ, ಅರ್ಧ ಗಂಟೆ ಬಿಟ್ಟು ಕೇಳಿ, ನಾಳೆ ಕೇಳಿ. ನೋಟ್ಸ್ ಬರೆದುಕೊಳ್ಳುವ ಹೊರೆ ಇಳಿಸಿ, ಪ್ರತಿಯನ್ನು ಕೈಗೇ ಕೊಡಿ. ದಿನಚರಿ ಪುಸ್ತಕವನ್ನೋ ಮೊಬೈಲಿನ ಅಲಾರಂ ಅನ್ನೋ ನೆನಪಿಗೆ ಊರುಗೋಲಾಗಿ ಬಳಸಲು ಬಿಡಿ. ತರಗತಿಯಲ್ಲಿ ಮೊಬೈಲ್ ನಿಷೇಧವಿದ್ದರೂ ಈ ಒಂದು ಮಗುವಿಗೆ ಅನುಮತಿ ಕೊಡಬಹುದು.

ಪರೀಕ್ಷಾ ಮಂಡಳಿಯವರು ಈ ಪತ್ರ ಓದುತ್ತಿದ್ದರೆ ಅವರಿಗೂ ಒಂದು ಮಾತು. ಮೆದುಳಿಗೆ ಗಾಯವಾದ ವಿದ್ಯಾರ್ಥಿಗೆ ಹೆಚ್ಚುವರಿ ಸಮಯ ಕೊಟ್ಟರೆ ಎಲ್ಲವೂ ಮುಗಿಯಿತು ಎಂದು ಭಾವಿಸಬೇಡಿ. ಯೋಚನೆಯ ವೇಗ ಕುಗ್ಗಿದವರಿಗೆ ಅದು ನಿಜಕ್ಕೂ ಬೇಕು. ಆದರೆ ಬೇಗ ದಣಿಯುವ ವಿದ್ಯಾರ್ಥಿಗೆ ಮೂರು ಗಂಟೆಯ ಕೊನೆಗೆ ಇನ್ನೊಂದು ಗಂಟೆ ಸೇರಿಸುವುದರಿಂದ ಸಿಗುವುದು ಇನ್ನೊಂದು ಗಂಟೆಯ ದಣಿವು. ಅವನಿಗೆ ಬೇಕಾದದ್ದು ಗಡಿಯಾರ ನಿಲ್ಲಿಸಿ ಕೊಡುವ ಬಿಡುವು, ಪ್ರತ್ಯೇಕ ಕೊಠಡಿ, ಒಂದೇ ದಿನ ಎರಡು ಪತ್ರಿಕೆ ಬಾರದಂತೆ ವ್ಯವಸ್ಥೆ. ಕೈ ಸೋತವರಿಗೆ ಲಿಪಿಕಾರರು ಬೇಕು, ಮತ್ತು ಆ ಲಿಪಿಕಾರರ ಜೊತೆ ಮುಂಚೆಯೇ ಅಭ್ಯಾಸ ಮಾಡಿರಬೇಕು. ಹೇಳಿ ಬರೆಸುವುದು ಬೇರೆಯೇ ವಿದ್ಯೆ. ಪರೀಕ್ಷೆಯ ದಿನ ಅದನ್ನು ಮೊದಲ ಬಾರಿ ಕಲಿಯಲಾಗದು.

ಮೈದಾನಕ್ಕೆ ಸಂಬಂಧಿಸಿ ಜಗತ್ತು ಸಾಕಷ್ಟು ಎಚ್ಚೆತ್ತಿದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2006ರಲ್ಲಿ ಜ್ಯಾಕರಿ ಲಿಸ್ಟೆಡ್ ಎಂಬ 13 ವರ್ಷದ ಹುಡುಗ ಅಮೆರಿಕನ್ ಫುಟ್‌ಬಾಲ್ ಪಂದ್ಯದಲ್ಲಿ ತಲೆಗೆ ಪೆಟ್ಟಾದ ಮೇಲೂ ಅದೇ ಪಂದ್ಯಕ್ಕೆ ಮರಳಿ ಆಡಿದ. ಬಳಿಕ ಕುಸಿದುಬಿದ್ದ, ಮೆದುಳಿಗೆ ಆದ ಹಾನಿ ಅವನ ಬದುಕನ್ನೇ ಬದಲಿಸಿತು. ಅವನ ಹೆಸರಿನ ಕಾನೂನು 2009ರಲ್ಲಿ ಅಲ್ಲಿ ಜಾರಿಗೆ ಬಂತು: ಕನ್‌ಕಷನ್ ಅನುಮಾನವಿದ್ದರೆ ಆಟಗಾರನನ್ನು ಕೂಡಲೇ ಹೊರಗೆ ಕರೆಯಬೇಕು, ಆರೋಗ್ಯ ತಜ್ಞರ ಲಿಖಿತ ಒಪ್ಪಿಗೆಯಿಲ್ಲದೆ ಮರಳಿ ಆಡಿಸಬಾರದು. ಕೆಲವೇ ವರ್ಷಗಳಲ್ಲಿ ಆ ದೇಶದ ಎಲ್ಲ ರಾಜ್ಯಗಳೂ ಇಂಥ ಕಾನೂನು ಮಾಡಿದವು. ಅಗತ್ಯವಾಗಿದ್ದ ಕಾನೂನು, ಎರಡು ಮಾತಿಲ್ಲ. ಆದರೆ ಮಕ್ಕಳು ಆಟದ ಮೈದಾನಕ್ಕಿಂತ ಬಹಳ ಹೆಚ್ಚು ಹೊತ್ತು ತರಗತಿಯಲ್ಲಿ ಇರುತ್ತಾರೆ. ಅಲ್ಲಿಗೆ ಹೇಗೆ ಮರಳಬೇಕು ಎಂಬ ಚರ್ಚೆ ಆಟಕ್ಕೆ ಮರಳುವ ಚರ್ಚೆಯ ಹಿಂದೆಯೇ ಉಳಿಯಿತು. ನಿಮ್ಮ ಶಾಲೆಯಲ್ಲಿ ಕ್ರಮ ಹೀಗಿರಲಿ: ಓದಿಗೆ ಪೂರ್ತಿ ಮರಳಿದ ಮೇಲೆಯೇ, ವೈದ್ಯರ ಒಪ್ಪಿಗೆಯೊಂದಿಗೆ, ಪೂರ್ತಿ ಆಟ.

ಸಹಪಾಠಿಗಳ ವಿಷಯ ನನ್ನನ್ನು ಹೆಚ್ಚು ಕಾಡುತ್ತದೆ. ಮೊದಲ ವಾರ ಮರಳಿ ಬಂದ ಹುಡುಗಿಯನ್ನು ಎಲ್ಲರೂ ಸುತ್ತುವರಿಯುತ್ತಾರೆ, ಬ್ಯಾಗ್ ಹೊರುತ್ತಾರೆ. ಆಮೇಲೆ ನಿಧಾನವಾಗಿ ಒಬ್ಬೊಬ್ಬರೇ ಸರಿಯುತ್ತಾರೆ. ನಾಲ್ಕು ಜನ ಒಟ್ಟಿಗೆ ಆಡುವ ಚುರುಕಿನ ಮಾತು, ಹಾಸ್ಯ, ಛೇಡಿಕೆಯ ವೇಗಕ್ಕೆ ಇವಳು ಹೆಜ್ಜೆ ಹಾಕಲಾರಳು. ಎರಡು ವಾಕ್ಯ ಹಿಂದಿನದಕ್ಕೆ ಈಗ ನಗುತ್ತಾಳೆ. ಇಡೀ ತರಗತಿಗೆ ಏನಾಯಿತೆಂದು ತಿಳಿಸುವುದು ಒಳ್ಳೆಯದು, ಆದರೆ ಅವಳನ್ನೂ ಮನೆಯವರನ್ನೂ ಕೇಳಿ, ಎಷ್ಟು ಹೇಳಬೇಕೆಂದು ಅವರೇ ನಿರ್ಧರಿಸಿದ ಮೇಲೆ. ಊಟದ ಬಿಡುವಿನಲ್ಲಿ ಇಬ್ಬರು ಮೂವರೇ ಕೂರುವಂತೆ ಮಾಡಿ. ದೊಡ್ಡ ಗುಂಪಿನಲ್ಲಿ ಕಳೆದುಹೋಗುವ ಮಗು ಸಣ್ಣ ಗುಂಪಿನಲ್ಲಿ ಮಾತನಾಡುತ್ತದೆ.

ಇನ್ನು ಕಾಲದ ಮಾತು. ಚಿಕ್ಕ ವಯಸ್ಸಿನ ಮೆದುಳು ಬೇಗ ಸರಿಹೋಗುತ್ತದೆ ಎಂಬ ನಂಬಿಕೆ ಹಳೆಯದು. 1930ರ ದಶಕದಲ್ಲಿ ಅಮೆರಿಕದ ನರವಿಜ್ಞಾನಿ ಮಾರ್ಗರೆಟ್ ಕೆನಾರ್ಡ್ ಮರಿಕೋತಿಗಳ ಮೇಲೆ ನಡೆಸಿದ ಪ್ರಯೋಗಗಳು ಅದಕ್ಕೆ ಬಲ ಕೊಟ್ಟವು. ಆನಂತರ ಮಕ್ಕಳನ್ನೇ ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳು ಚಿತ್ರ ಅಷ್ಟು ಸರಳವಲ್ಲ ಎಂದು ತೋರಿಸಿವೆ; ತೀವ್ರ ಗಾಯ ಎಳೆಯ ವಯಸ್ಸಿನಲ್ಲಾದರೆ ಪರಿಣಾಮ ಎಷ್ಟೋ ಸಲ ಹೆಚ್ಚು ಆಳವಾಗಿರುತ್ತದೆ. ಯೋಜನೆ ಹಾಕುವುದು, ಆದ್ಯತೆ ತಿಳಿಯುವುದು, ತನ್ನನ್ನು ತಾನೇ ಹದ್ದಿನಲ್ಲಿಡುವುದು, ಇವುಗಳನ್ನು ನೋಡಿಕೊಳ್ಳುವ ಮುಂಭಾಗ ಇಪ್ಪತ್ತು ದಾಟಿದ ಮೇಲೂ ಬೆಳೆಯುತ್ತಿರುತ್ತದೆ. ಆರನೇ ವಯಸ್ಸಿನಲ್ಲಿ ಆದ ಗಾಯದ ಪೂರ್ತಿ ಪರಿಣಾಮ ಹನ್ನೆರಡನೆಯ ವಯಸ್ಸಿನಲ್ಲಿ ಕಾಣಬಹುದು, ಏಕೆಂದರೆ ಆರು ವರ್ಷದ ಮಗುವಿನಿಂದ ಯಾರೂ ಯೋಜನೆ ಹಾಕುವುದನ್ನು ನಿರೀಕ್ಷಿಸಿರಲಿಲ್ಲ. ಹನ್ನೆರಡಕ್ಕೆ ಐದು ಶಿಕ್ಷಕರು, ಐದು ಹೋಂವರ್ಕ್, ಒಂದು ಪ್ರಾಜೆಕ್ಟ್ ಬರುತ್ತವೆ, ಮಗು ಕುಸಿಯುತ್ತದೆ. ಅಷ್ಟರಲ್ಲಿ ಶಾಲೆ ಬದಲಾಗಿರುತ್ತದೆ, ಅಪಘಾತದ ವಿಷಯ ಯಾರಿಗೂ ಗೊತ್ತಿರುವುದಿಲ್ಲ. ‘ಹದಿಹರೆಯ’ ಎಂದು ಕೈಬಿಡುತ್ತಾರೆ.

ಇದಕ್ಕಾಗಿಯೇ ನಾನು ನಿಮ್ಮಲ್ಲಿ ಕೇಳುವುದು ಎರಡು. ಮೊದಲನೆಯದು, ಪ್ರತಿ ಶಾಲೆಯಲ್ಲೂ ಇಂಥ ಮಗುವಿಗೆ ಒಬ್ಬ ಶಿಕ್ಷಕರನ್ನು ಹೆಸರಿಸಿ ಗೊತ್ತುಮಾಡಿ. ತಂದೆತಾಯಿ ಅವರೊಬ್ಬರಿಗೇ ಕರೆ ಮಾಡಿದರೆ ಸಾಕು, ಉಳಿದ ಎಲ್ಲ ಶಿಕ್ಷಕರಿಗೂ ವಿಷಯ ತಲುಪುವಂತಿರಬೇಕು. ಆಸ್ಪತ್ರೆಯಿಂದ ಬಿಡುಗಡೆಯಾಗುವ ಮೊದಲೇ ಅವರು ನಮ್ಮಲ್ಲಿಗೆ ಒಮ್ಮೆ ಬರಲಿ, ಆಗದಿದ್ದರೆ ಫೋನಿನಲ್ಲಾದರೂ ಮಾತನಾಡಲಿ. ನಾವು ಕಾಯುತ್ತಿರುತ್ತೇವೆ.

ಎರಡನೆಯದು, ಒಂದು ಹಾಳೆ. ಗಾಯ ಯಾವಾಗ ಆಯಿತು, ಮಗುವಿಗೆ ಏನು ಕಷ್ಟ, ಏನು ಮಾಡಿದರೆ ಕೆಲಸ ನಡೆಯುತ್ತದೆ, ಎಷ್ಟು ಹೊತ್ತಿಗೆ ದಣಿಯುತ್ತದೆ, ಮೂರ್ಛೆ ಬಂದರೆ ಏನು ಮಾಡಬೇಕು, ಯಾವ ಮಾತ್ರೆಯಿಂದ ನಿದ್ದೆ ಬರುತ್ತದೆ, ಇಷ್ಟು ಅದರಲ್ಲಿರಲಿ. ಮನೆಯವರ ಒಪ್ಪಿಗೆ ಪಡೆದು ಅದನ್ನು ಮಗುವಿನ ಕಡತದ ಮೊದಲ ಪುಟವಾಗಿ ಇಡಿ. ತರಗತಿ ಬದಲಾದಾಗ ಈ ವರ್ಷದ ಶಿಕ್ಷಕರು ಮುಂದಿನ ವರ್ಷದವರ ಜೊತೆ ಅರ್ಧ ಗಂಟೆ ಕುಳಿತು ಅದನ್ನು ಓದಿ, ತಿದ್ದಿ, ದಾಟಿಸಲಿ. ಶಾಲೆ ಬದಲಾದರೆ ವರ್ಗಾವಣೆ ಪತ್ರದ ಜೊತೆಗೇ ಅದೂ ಹೋಗಲಿ. ಗಾಯವಾಗಿ ಎಷ್ಟೇ ವರ್ಷ ಕಳೆದಿರಲಿ, ಆ ಹಾಳೆಯನ್ನು ಮಾತ್ರ ತೆಗೆದುಹಾಕಬೇಡಿ. ಹೊಸ ಶೈಕ್ಷಣಿಕ ವರ್ಷದ ವೇಳಾಪಟ್ಟಿ ಸಿದ್ಧವಾಗುವ ಮೊದಲು ಈ ಎರಡು ಕೆಲಸಗಳು ನಿಮ್ಮ ಶಿಕ್ಷಕರ ಸಭೆಯ ಕಾರ್ಯಸೂಚಿಯಲ್ಲಿ ಬರಲಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಆಸ್ಪತ್ರೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಒಬ್ಬ ಶಿಕ್ಷಕಿ